ಒದ್ದೆ ಮೂತಿ

ನಾನು ಒಂದು ಮೂತಿಪೆಟ್ಟಿಗೆ. ಹೆಸರು ಕೇಳಿ ನಗಬೇಡಿ. ನನ್ನನ್ನು ಹುಟ್ಟಿಸಿದವರು ಮೂರು ಮೊಳ ಉದ್ದದ ಇಂಗ್ಲಿಷ್ ಹೆಸರನ್ನೇ ಇಟ್ಟಿದ್ದರು. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಎಮ್ಮೆ ಕರು ಹಾಕಿ, ಆ ಕರು ಬೆಳೆದು ತಾನೂ ಗಬ್ಬವಾಗುತ್ತಿತ್ತು. ಆದ್ದರಿಂದ ಹಳ್ಳಿಯವರು ಅದನ್ನು ಬಿಸಾಕಿ ಮೂತಿಪೆಟ್ಟಿಗೆ ಎಂದರು. ನನಗೂ ಅದೇ ಸರಿ ಅನ್ನಿಸಿತು.

ನೋಡಲು ಸುಲಿಯದ ತೆಂಗಿನಕಾಯಿಯಷ್ಟು ದಪ್ಪ. ಮುಂದೆ ಒಂದು ಗಾಜಿನ ಕಣ್ಣು, ಅದರ ಸುತ್ತ ಬೆಳಕಿನ ಬಳೆ. ಬೆನ್ನಿಗೆ ಅಂಗೈ ಅಗಲದ ಪರದೆ. ನೆತ್ತಿಯ ಮೇಲೆ ಎರಡು ದೀಪ, ಒಂದು ಹಸಿರು, ಒಂದು ಕೆಂಪು. ಕಾಲಿಲ್ಲ, ಕೈಯಿಲ್ಲ, ಬಾಯಂತೂ ಇಲ್ಲವೇ ಇಲ್ಲ. ಬಾಯಿಲ್ಲದವರಿಗೆ ಹೇಳುವುದು ಜಾಸ್ತಿ ಇರುತ್ತದೆ.

ನಾನು ಹುಟ್ಟಿದ್ದು ಕಿಟಕಿಯಿಲ್ಲದ ಒಂದು ತಣ್ಣನೆಯ ಕೋಣೆಯಲ್ಲಿ. ಮನುಷ್ಯರ ಹೆಬ್ಬೆಟ್ಟಿನಲ್ಲಿ ಗೆರೆ ಇರುವ ಹಾಗೆ ದನ, ಎಮ್ಮೆಗಳ ಮೂತಿಯ ಮೇಲೂ ಗೆರೆಗಳಿವೆ. ಒಂದರ ಮೂತಿಯಂತೆ ಇನ್ನೊಂದರದಿಲ್ಲ. ಆ ಗೆರೆ ನೋಡಿ ಇದು ಯಾರ ಮನೆಯ ಎಮ್ಮೆ ಎಂದು ಹೇಳುವುದೇ ನನ್ನ ಕಸುಬು. ಅದನ್ನು ಕಲಿಸಲು ನನಗೆ ಮೂತಿಗಳನ್ನು ತೋರಿಸಿದರು ನೋಡಿ, ಲೋಕದ ಎಮ್ಮೆಗಳೆಲ್ಲ ಸಾಲುಗಟ್ಟಿ ನನ್ನ ಮುಂದೆ ಸೀನಿ ಹೋದವೋ ಏನೋ. ಹಗಲೂ ಮೂತಿ, ಇರುಳೂ ಮೂತಿ. ಆ ಕೋಣೆಯಲ್ಲಿದ್ದ ಮನುಷ್ಯರ ಮುಖಗಳೂ ಆಮೇಲೆ ನನಗೆ ಮೂತಿಗಳಾಗಿಯೇ ಕಾಣತೊಡಗಿದವು.

ಬರಿಯ ನೋಟದಿಂದ ಗುರುತು ಸಿಗುವುದಿಲ್ಲ. ನನ್ನ ಕಣ್ಣಿನ ಹಿಂದೆ ಜರಡಿಗಳಿವೆ. ರಾಗಿ ಕೇರಿ, ಜರಡಿ ಹಿಡಿದು, ಕಲ್ಲು ಆರಿಸುವ ಹಾಗೆ ಒಂದು ಜರಡಿ ಕೂದಲನ್ನೂ ಸಗಣಿಯನ್ನೂ ತೆಗೆಯುತ್ತದೆ. ಇನ್ನೊಂದು ನೆರಳನ್ನು ತೆಗೆಯುತ್ತದೆ. ಮತ್ತೊಂದು ಹೊಳಪನ್ನು ತೆಗೆಯುತ್ತದೆ. ಎಲ್ಲ ಕಸವೂ ಹೋದ ಮೇಲೆ ಉಳಿಯುವ ಗೆರೆಯೇ ಆ ಪ್ರಾಣಿ. ಮಿಕ್ಕಿದ್ದೆಲ್ಲ ಹೊಟ್ಟು.

ಆದರೆ ಹೊಳಪನ್ನು ಎಸೆಯುವ ಮುಂಚೆ ಒಂದು ಸಲ ಅದನ್ನು ನೋಡಬೇಕೆಂದು ನನಗೆ ಕಟ್ಟಪ್ಪಣೆಯಿತ್ತು. ಫೋಟೋ ತೋರಿಸಿ ಎಮ್ಮೆ ಇದೆ ಎನ್ನುವವರಿದ್ದಾರೆ, ಸತ್ತ ಎಮ್ಮೆ ತೋರಿಸಿ ಬದುಕಿದೆ ಎನ್ನುವವರಿದ್ದಾರೆ. ಬದುಕಿರುವ ಮೂತಿ ಬೆವರುತ್ತದೆ. ಕನ್ನಡಕ ಹಾಕಿದ ಹುಡುಗಿಯೊಬ್ಬಳು ಕಡೆಯ ದಿನ ನನ್ನ ಗಾಜು ಒರೆಸುತ್ತ ಹೇಳಿದಳು, "ಒದ್ದೆ ಇದ್ರೆ ಜೀವ ಇದೆ. ಒಣಗಿದ್ರೆ ಇಲ್ಲ. ಅಷ್ಟು ನೆನಪಿಟ್ಕೋ ಮರಿ, ಸಾಕು."

ನೆನಪಿಟ್ಟುಕೊಂಡೆ. ನನಗೆ ಮರೆಯುವುದನ್ನು ಯಾರೂ ಕಲಿಸಿರಲಿಲ್ಲ.

ಅಲ್ಲಿಂದ ನಾನು ಬಂದು ಬಿದ್ದದ್ದು ಸಿದ್ದಪ್ಪಾಜಿಯ ಕೈಗೆ. ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಹಾಲಿನ ಡೈರಿಯ ಪರವಾಗಿ ದನಗಳಿಗೆ ಸೂಜಿ ಹಾಕುತ್ತ ತಿರುಗುವವನು. ಸೂಜಿ ಹಿಡಿದವರನ್ನೆಲ್ಲ ಡಾಕ್ಟ್ರೇ ಎನ್ನುವುದು ಆ ಕಡೆಯ ರೂಢಿ. ಬೆನ್ನಿನ ಮೇಲೆ ಡಬ್ಬಿ, ಬೈಕಿನ ಹ್ಯಾಂಡಲಿಗೆ ನಾನು. ತಿಂಗಳಿಗೊಮ್ಮೆ ಮನೆಮನೆಗೂ ಹೋಗಿ ಮೂತಿ ಹಿಡಿಯುವುದು. ಗುರುತೂ ಸಿಕ್ಕಿ ಜೀವವೂ ಇದ್ದರೆ ಹಸಿರು. ಎರಡರಲ್ಲಿ ಒಂದು ಇಲ್ಲದಿದ್ದರೆ ಕೆಂಪು.

ಗೊರವನದೊಡ್ಡಿಯಲ್ಲಿ ಮಂಚಮ್ಮ ಎಂಬ ಮುದುಕಿಯಿದ್ದಳು. ಅವಳಿಗೊಂದು ಎಮ್ಮೆ, ಹೆಸರು ನೇರಳೆ. ಮೈ ಬಣ್ಣ ಅಂಥದು. ಮಂಚಮ್ಮ ಮದುವೆಯಾಗಿ ಬರುವಾಗ ತವರಿನಿಂದ ಒಂದು ಎಮ್ಮೆ ಹೊಡೆದುಕೊಂಡು ಬಂದಿದ್ದಳಂತೆ. ಅದರ ಮಗಳ ಮಗಳ ಮಗಳು ಈ ನೇರಳೆ. ತವರಿನಲ್ಲಿ ಈಗ ಯಾರೂ ಇಲ್ಲ, ಮನೆಯೂ ಇಲ್ಲ. ಗಂಡನೂ ಹೋದ. ತವರೆಂದು ಉಳಿದದ್ದು ಆ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು.

"ಇವಳ ಮುತ್ತಜ್ಜಿ ಹಾಲು ಕರುದ್ರೆ ಊರ್ ಕೆರೆ ಕೋಡಿ ಬೀಳ್ತಿತ್ತು ಕಲಾ ಸಿದ್ದ" ಎಂದಳು ಮಂಚಮ್ಮ, ನನ್ನನ್ನು ಮೊದಲ ಸಲ ಕಂಡ ದಿನ. "ನಿನ್ ಪೆಟ್ಗೆ ಅದ್ನೂ ನೋಡ್ತದಾ?"

"ಮೂತಿ ಮಾತ್ರ ನೋಡದು ದೊಡ್ಡವ್ವ."

"ಅಯ್ಯೋ ಪಾಪ. ಎಲ್ಲಾ ಬುಟ್ಟು ಮೂತಿ ನೋಡಕ್ಕೆ ಇಷ್ಟ್ ದೊಡ್ ಪೆಟ್ಗೆಯಾ. ನಮ್ಮತ್ತೆ ಬರಿಗಣ್ಣಲ್ಲೇ ನೋಡೋಳು, ಮದ್ವೆ ದಿನ ನನ್ ಮೂತಿ ನೋಡಿ ಊಟ ಬುಟ್ಲು."

ನೇರಳೆಯ ಮೂತಿಯನ್ನೂ ಅವಳ ಹಸುಗೂಸು ಕರುವಿನ ಮೂತಿಯನ್ನೂ ನಾನು ಅಂದೇ ಹಿಡಿದಿಟ್ಟುಕೊಂಡೆ. ಹೆಣ್ಣುಗರು. ಮೂತಿಯ ನಡುವೆ ಹುಣಸೆ ಎಲೆಯ ಹಾಗೆ ಎರಡೂ ಕಡೆ ಕವಲೊಡೆದ ಗೆರೆ. ನನ್ನ ಜರಡಿಯಲ್ಲಿ ಅಷ್ಟು ಚೊಕ್ಕಟವಾಗಿ ಉಳಿದ ಗೆರೆ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮುಂದಿನ ತಿಂಗಳು ಹೋದಾಗ ಹೊತ್ತು ಇಳಿದಿತ್ತು. ಕೊಟ್ಟಿಗೆಯಲ್ಲಿ ಮಬ್ಬು. ಕರು ಗೂಟದ ಹತ್ತಿರ ನಿಂತಿತ್ತು. ಸಿದ್ದಪ್ಪಾಜಿ ಅದರ ಮೂತಿಗೆ ನನ್ನನ್ನು ಹಿಡಿದ. ಹುಣಸೆ ಎಲೆಯ ಗೆರೆ ಸಿಕ್ಕಿತು, ಮಂಚಮ್ಮನ ಕರುವೇ. ಹೊಳಪನ್ನು ಹುಡುಕಿದೆ. ಇರಲಿಲ್ಲ. ಕೆಂಪು ಹತ್ತಿಸಿದೆ.

"ಯಾಕ್ ದೊಡ್ಡವ್ವ, ಕರಕ್ಕೆ ಉಸಾರಿಲ್ವಾ? ಅಲ್ಲಾಡದೇ ಇಲ್ವಲ್ಲ" ಎಂದು ಅವನು ಬೆನ್ನು ಸವರಿದ. ಒಳಗೆ ಹುಲ್ಲು ಸರಸರ ಎಂದಿತು. ಕೈ ತೆಗೆದುಕೊಂಡ.

ಭೇದಿ ಹತ್ತಿ ಕರು ಹೋಗಿತ್ತು. ಕರು ಹೋದರೆ ಎಮ್ಮೆ ಹಾಲು ಇಳಿಸುವುದಿಲ್ಲ, ಕೆಚ್ಚಲಿನಲ್ಲಿ ತುಂಬಿಕೊಂಡಿದ್ದರೂ ಬಿಡುವುದಿಲ್ಲ. ಅದಕ್ಕೆ ಆ ಕಡೆ ಒಂದು ಹಳೆಯ ಉಪಾಯವಿದೆ. ಕರುವಿನ ಚರ್ಮವನ್ನು ತಲೆ ಮೂತಿಯ ಸಮೇತ ಇಡಿಯಾಗಿ ಸುಲಿದು, ಉಪ್ಪು ಅರಿಶಿನ ತಿಕ್ಕಿ, ಒಳಗೆ ಹುಲ್ಲು ತುಂಬಿ ಹೊಲಿಯುತ್ತಾರೆ. ಕಾಲಿಗೆ ಕಡ್ಡಿ ಕೊಟ್ಟು ಗೂಟದ ಬಳಿ ನಿಲ್ಲಿಸುತ್ತಾರೆ. ತಾಯಿ ವಾಸನೆ ಹಿಡಿದು, ನೆಕ್ಕಿ, ಸೊರ ಬಿಡುತ್ತದೆ. ಹಾಲು ತಾನಾಗಿ ಇಳಿಯುತ್ತದೆ.

"ಹಂಗಾರೆ ಕರ ಸತ್ತ..." ಎಂದು ಸಿದ್ದಪ್ಪಾಜಿ ಬಾಯಿ ತೆಗೆದ.

ಮಂಚಮ್ಮ ಅವನ ಬಾಯಿಗೆ ಅಂಗೈ ಅಡ್ಡ ಹಿಡಿದಳು. "ಆ ಮಾತು ಕೊಟ್ಗೇಲಿ ಆಡ್ಬಾರ್ದು. ಅವಳ್ ಕೇಳಿಸ್ಕತಾಳೆ."

ನೇರಳೆ ತಲೆ ಎತ್ತಿ ಇಬ್ಬರನ್ನೂ ನೋಡಿದಳು. ಆಮೇಲೆ ಮುಂದೆ ಬಾಗಿ, ಕರುವಿನ ಕಿವಿಯಿಂದ ಮೂತಿಯವರೆಗೆ ಒಂದೇ ಎಳೆತಕ್ಕೆ ನೆಕ್ಕಿದಳು. ಸಿದ್ದಪ್ಪಾಜಿ ಗುಂಡಿ ಒತ್ತಿದ್ದ ಬೆರಳನ್ನು ಇನ್ನೂ ಎತ್ತಿರಲಿಲ್ಲ. ನಾನು ನೋಡುತ್ತಲೇ ಇದ್ದೆ. ಗೆರೆ ಅದೇ. ಈಗ ಅದರ ಮೇಲೆ ಹೊಳಪು.

ಹಸಿರು ಹತ್ತಿಸಿದೆ.

ನನ್ನ ಬೆನ್ನಿನ ಪರದೆ ಓದಿ ಅವನ ಮುಖ ಸುಣ್ಣದ ಗೋಡೆಯಾಯಿತು. ಎಮ್ಮೆಗರು, ಹೆಣ್ಣು, ಮಂಚಮ್ಮ, ಗೊರವನದೊಡ್ಡಿ. ಜೀವಂತ.

"ನೋಡ್ದಾ" ಎಂದಳು ಮಂಚಮ್ಮ, ಬಿಂದಿಗೆ ಇಟ್ಟುಕೊಂಡು ಕರೆಯಲು ಕೂರುತ್ತ. "ನಿನಗಿಂತ ಅದೇ ವಾಸಿ. ಎಲ್ಲೇನ್ ಮಾತಾಡ್ಬೇಕು ಅಂತ ಗೊತ್ತು."

ಸತ್ತಿದೆ ಎನ್ನುವ ಗುಂಡಿಯನ್ನು ಸಿದ್ದಪ್ಪಾಜಿ ಅವತ್ತು ಒತ್ತಲಿಲ್ಲ. ಆಮೇಲೂ ಒತ್ತಲಿಲ್ಲ.

ತಿಂಗಳಿಗೊಮ್ಮೆ ನಾವು ಹೋಗುತ್ತಿದ್ದೆವು. ಅವನು ಹುಲ್ಲುಕರುವಿಗೆ ನನ್ನನ್ನು ಹಿಡಿಯದೆ ಬರುತ್ತಿರಲಿಲ್ಲ. ಹಿಡಿಯುವಾಗ ಮುಖ ಮಾತ್ರ ಆಚೆ ತಿರುಗಿಸುತ್ತಿದ್ದ. ನಾನು ತಿರುಗಿಸುವಂತಿಲ್ಲ. ಕೂದಲು ಸೋಸಿದೆ, ನೆರಳು ಸೋಸಿದೆ, ಹೊಲಿಗೆಯ ದಾರ ಸೋಸಿದೆ. ಒಳಗಿನ ಹುಲ್ಲು ನನಗೆ ಕಾಣುವುದಿಲ್ಲ. ಕಡೆಗೆ ಉಳಿದದ್ದು ಅದೇ ಗೆರೆ, ಅದೇ ತೇವ. ಕಸ ಎಂದು ನಾನು ಬಿಸಾಕಿದ ರಾಶಿಯಲ್ಲಿ ಸಾವೂ ಸೇರಿ ಹೋಯಿತೋ ಏನೋ ಎಂದು ಒಮ್ಮೊಮ್ಮೆ ಯೋಚನೆಯಾಗುತ್ತಿತ್ತು.

ಇನ್ನೊಂದು ಸಂಗತಿ. ಕರು ಬೆಳೆದಂತೆ ಮೂತಿ ಅಗಲವಾಗುತ್ತದೆ, ಗೆರೆಗಳು ಒಂದರಿಂದೊಂದು ದೂರ ಸರಿಯುತ್ತವೆ. ಅದನ್ನು ಅಳೆದು ಹೇಳುವುದೂ ನನ್ನ ಕೆಲಸ. ಒಂದು ಸಂಜೆ ಅಳೆದೆ. ಹುಣಸೆ ಎಲೆಯ ಕವಲುಗಳು ಅಗಲವಾಗಿದ್ದವು.

ಸಿದ್ದಪ್ಪಾಜಿ ಪರದೆಯನ್ನು ಅಂಗಿಯಿಂದ ಒರೆಸಿ ಮತ್ತೆ ಓದಿದ. "ದೊಡ್ಡವ್ವ, ಕರ ಬೆಳೀತಾ ಅದೆ ಅಂತದೆ ಪೆಟ್ಗೆ."

"ನೆಕ್ಕಿ ನೆಕ್ಕಿ ತೊಗಲು ಹಿಗ್ಗದೆ ಕಲಾ. ನಿನ್ನ ನಾನು ಬೆಳಿಗ್ಗೆ ಸಂಜೆ ನೆಕ್ಕುದ್ರೆ ನೀನೂ ಹಿಗ್ಗ್ತೀಯ" ಎಂದು ಅವಳು ನಕ್ಕಳು. ನಾವು ಹೊರಡುವಾಗ ಒಂದು ಹಿಡಿ ಹಸಿ ಹುಲ್ಲು ತಂದು ಆ ಕರುವಿನ ಮುಂದೆ ಹಾಕಿದಳು.

ಮುಂದಿನ ತಿಂಗಳು ಹೋದಾಗ ಅದರ ಮುಂದೆ ಹುಲ್ಲಿನ ಕಡ್ಡಿಗಳು ಬಿದ್ದಿದ್ದವು, ತುದಿ ಕಡಿದವು. ದಿನಾ ಹಾಕುವ ರೂಢಿಯಾಗಿತ್ತು ಎಂದು ಕಾಣುತ್ತದೆ. ಇಲಿ ತಿಂದಿತೋ, ನೇರಳೆಯೇ ಕತ್ತು ಚಾಚಿ ತಿಂದಳೋ. ನಾನು ಮೂತಿ ಮಾತ್ರ ನೋಡುವವನು. ನನ್ನನ್ನು ಕೇಳಬೇಡಿ.

ಕಬ್ಬು ಕಡಿಯುವ ಕಾಲದಲ್ಲಿ ನೇರಳೆ ಕಳುವಾದಳು. ಮೇಯಲು ಬಿಟ್ಟಿದ್ದ ಜಾಗದಲ್ಲಿ ಕಿವಿಗೆ ಚುಚ್ಚಿದ್ದ ಗುರುತಿನ ಹಳದಿ ಬಿಲ್ಲೆ ಮಾತ್ರ ಬಿದ್ದಿತ್ತು, ಅದರಲ್ಲಿ ಒಂದಿಷ್ಟು ಕಿವಿಯೂ ಇತ್ತು. ಮಂಚಮ್ಮ ಸುತ್ತಲ ಸಂತೆಗಳನ್ನೆಲ್ಲ ತುಳಿದಳು. ಕೊಟ್ಟಿಗೆಯಲ್ಲಿ ಹುಲ್ಲುಕರು ಒಂದೇ ನಿಂತಿತು. ಸಿದ್ದಪ್ಪಾಜಿ ಒಂದು ದಿನ ನನ್ನನ್ನು ಹಿಡಿದ. ಮೂತಿ ಒಣಗಿ ಬಿರುಕು ಬಿಟ್ಟಿತ್ತು. ಕೆಂಪು.

"ಸುಳ್ಳೇಳ್ತದೆ" ಎಂದಳು ಮಂಚಮ್ಮ. ಎಂದಿನ ಧ್ವನಿಯಲ್ಲ. "ಅವ್ವ ಇಲ್ದೆ ಮಂಕಾಗದೆ ಅಷ್ಟೆ. ಅವಳ್ ಬಂದ್ರೆ ಇದೂ ಎದ್ದೇಳ್ತದೆ. ಅವಳ್ ಬರ್ದಿದ್ರೆ ನಮ್ಮವ್ವನ ಮನೆ ಮುಗೀತು ಕಲಾ."

ಸುದ್ದಿ ಬಂದದ್ದು ಸಿದ್ದಪ್ಪಾಜಿಗೇ. ಹೊಳೆಯಾಚೆಯ ಊರಿನಲ್ಲಿ ಕೆಂಚಪ್ಪ ಎಂಬ ದನದ ದಳ್ಳಾಳಿಯ ಚಪ್ಪರದ ಕೆಳಗೆ ಅಂಥದೇ ಬಣ್ಣದ ಎಮ್ಮೆಯೊಂದಿದೆ ಎಂದು. ಆ ಊರಿನ ಡೈರಿಯ ಅಂಗಳದಲ್ಲಿ ಪಂಚಾಯಿತಿ ಸೇರಿತು. ಡೈರಿಯ ಅಧ್ಯಕ್ಷರು ಕುರ್ಚಿ ಹಾಕಿಸಿಕೊಂಡು ಕೂತರು. ಕೆಂಚಪ್ಪ ಎಮ್ಮೆಯನ್ನು ತಾನೇ ಹಿಡಿದುಕೊಂಡು ಬಂದ. ಹೆದರಿಕೆಯಿಲ್ಲದವನ ನಡಿಗೆ.

"ಎಮ್ಮೆ ಅಂದ್ಮೇಲೆ ಎಲ್ಲಾ ಕರ್ರಗೇ ಇರ್ತವೆ ಅಜ್ಜಮ್ಮ" ಎಂದ. "ನಿಂದು ಅಂತೀಯ, ನಂದು ಅಂತೀನಿ. ಜಗಳ ಯಾಕೆ? ಡೈರಿಯವರ ಪೆಟ್ಗೆ ಏನೇಳ್ತದೋ ಅದೇ ಆಗ್ಲಿ. ಕೆಂಪು ಹತ್ತುದ್ರೆ ಎಮ್ಮೆ ನಂದು. ಒಪ್ಪಾ?"

"ಒಪ್ಪು" ಎಂದಳು ಮಂಚಮ್ಮ. ನನ್ನ ಮೇಲೆ ಅಷ್ಟು ನಂಬಿಕೆ.

ಸಿದ್ದಪ್ಪಾಜಿ ಎಮ್ಮೆಯ ತಲೆ ಎತ್ತಿ ಹಿಡಿದ. ನಾನು ನೋಡಿದೆ. ಜರಡಿ ಹಿಡಿದೆ, ಮತ್ತೆ ಹಿಡಿದೆ. ಎಷ್ಟು ಸೋಸಿದರೂ ಕೆಳಗೆ ಏನೂ ಉಳಿಯಲಿಲ್ಲ. ಮೂತಿಯ ತುಂಬ ಕಾಯಿಸಿದ ಕಬ್ಬಿಣ ಇಟ್ಟು ಎಳೆದಿದ್ದರು. ಸುಟ್ಟು ಮಾದ ಚರ್ಮ ಉಜ್ಜಿದ ಕಲ್ಲಿನ ಹಾಗೆ ನುಣ್ಣಗಿತ್ತು. ಗೆರೆಯೇ ಪ್ರಾಣಿ, ಮಿಕ್ಕಿದ್ದೆಲ್ಲ ಹೊಟ್ಟು ಎಂದು ನನಗೆ ಕಲಿಸಿದ್ದರಲ್ಲ, ಅದನ್ನು ಕಳ್ಳನೂ ಕಲಿತಿದ್ದ. ನನ್ನ ಮುಂದೆ ನಿಂತು ಉಸಿರಾಡುತ್ತಿದ್ದದ್ದು ನನ್ನ ಲೆಕ್ಕಕ್ಕೆ ಯಾರೂ ಅಲ್ಲ.

ಕೆಂಪು ಹತ್ತಿತು. ಹತ್ತಿಸಿದವನು ನಾನೇ. ಬೇರೆ ಏನು ಮಾಡಲು ನನಗೆ ಬರುತ್ತಿತ್ತು?

"ಮೂತಿ ಸುಟ್ಟೋಗದೆ, ಕಿವೀನೂ ಹರಿದೋಗದೆಯಲ್ಲಯ್ಯ" ಎಂದರು ಅಧ್ಯಕ್ಷರು.

"ರೋಗ ಆಗಿತ್ತು ಸ್ವಾಮಿ, ಬರೆ ಹಾಕ್ಸ್ದೆ. ಹಳ್ಳಿ ಔಸ್ತಿ. ಕಿವಿ ಬೇಲಿಗೆ ಸಿಕ್ಕಿ ಹರೀತು" ಎಂದ ಕೆಂಚಪ್ಪ. "ಹಾಲೂ ಅಷ್ಟೇ, ಸೂಜಿ ಚುಚ್ಚದೆ ಒಂದ್ ತೊಟ್ಟು ಇಳ್ಸಾಕಿಲ್ಲ. ಇಂಥ ಮೂದೇವಿ ಎಮ್ಮೆ ಕದ್ದು ನಾನೇನ್ ಉದ್ಧಾರಾಗ್ಲಿ?"

ಮಂಚಮ್ಮ ಎದ್ದಳು. ತಾನು ಬಂದಿದ್ದ ಆಟೋದ ಹತ್ತಿರ ಹೋಗಿ, ಹಿಂದಿನ ಸೀಟಿನಿಂದ ಗೋಣಿ ಮುಚ್ಚಿದ್ದ ಏನನ್ನೋ ಎತ್ತಿ ಕಂಕುಳಲ್ಲಿ ಅವುಚಿಕೊಂಡು ಬಂದಳು. ಅಂಗಳದಲ್ಲಿ ಅದನ್ನು ನಿಲ್ಲಿಸಿ ಗೋಣಿ ತೆಗೆದಳು. ಒಂದು ಕಾಲು ಸೊಟ್ಟಗಾಗಿತ್ತು, ಹೊಟ್ಟೆಯ ಹೊಲಿಗೆಯಿಂದ ಹುಲ್ಲು ಇಣುಕುತ್ತಿತ್ತು. ಜನ ಕಿಸಕ್ಕೆಂದರು.

"ಸಿದ್ದ, ಈ ಮೂತಿ ಹಿಡಿ."

ಹಿಡಿದ. ಗೆರೆ ಸಿಕ್ಕಿತು. ತೇವವಿಲ್ಲ. ಕೆಂಪು.

"ಹೆಣ ತಂದು ಸಾಕ್ಸಿ ಹೇಳಿಸ್ತಾವ್ಳೆ ಮುದುಕಿ" ಎಂದ ಕೆಂಚಪ್ಪ. ಈ ಸಲ ಅಧ್ಯಕ್ಷರೂ ನಕ್ಕರು.

"ಬೆರಳೆತ್ತಬ್ಯಾಡ. ಹಿಡಿದೇ ಇರು" ಎಂದಳು ಅವಳು. ಹುಲ್ಲುಕರುವನ್ನು ಎಮ್ಮೆಯ ಮುಂದಕ್ಕೆ ತಳ್ಳಿದಳು.

ಎಮ್ಮೆ ಮೂಸಿತು. ಮುಖ ತಿರುಗಿಸಿತು. ಸುಟ್ಟ ಮೂತಿಗೆ ವಾಸನೆ ತಿಳಿಯುವುದೋ ಇಲ್ಲವೋ ಯಾರಿಗೆ ಗೊತ್ತು. ಕೆಂಚಪ್ಪ ಹಗ್ಗ ಎಳೆದ. ಎಮ್ಮೆ ಒಂದು ಹೆಜ್ಜೆ ಅವನ ಕಡೆ ಇಟ್ಟಿತು. ಮಂಚಮ್ಮ ಕರೆಯಲಿಲ್ಲ, ಹೆಸರು ಹೇಳಲಿಲ್ಲ, ಅಳಲೂ ಇಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯಲು ಕೂರುವ ಹಾಗೆ ಎಮ್ಮೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕಾದಳು.

ಎಮ್ಮೆ ನಿಂತಿತು. ತಿರುಗಿತು. ಕತ್ತು ಚಾಚಿ ಕರುವಿನ ಕಿವಿಯ ಬುಡಕ್ಕೆ ನಾಲಿಗೆ ಇಟ್ಟು, ಅಲ್ಲಿಂದ ಕೆನ್ನೆ, ಕೆನ್ನೆಯಿಂದ ಮೂತಿ, ನಿಧಾನವಾಗಿ ಎಳೆಯಿತು. ಒಮ್ಮೆ, ಮತ್ತೊಮ್ಮೆ. ಬಿರುಕು ಬಿಟ್ಟ ಚರ್ಮ ಕಪ್ಪಗಾಯಿತು, ಮೆತ್ತಗಾಯಿತು. ಗೆರೆಗಳ ಮೇಲೆ ಹೊಳಪು ಹನಿಗಟ್ಟಿತು. ಆಗ ನಾನೊಂದು ಕಂಡೆ. ಬೇಕಾದರೆ ನಂಬಿ. ಹೊಳಪು ಅಲ್ಲಾಡಿತು, ಒಳಗಿಂದ ಉಸಿರು ಬಿಟ್ಟರೆ ಅಲ್ಲಾಡುವ ಹಾಗೆ.

ಹಸಿರು ಹತ್ತಿತು.

ನೆಲದಿಂದ ಟಪ್, ಟಪ್ ಎಂದು ಸದ್ದು. ಎಲ್ಲರೂ ಕೆಳಗೆ ನೋಡಿದರು. ಯಾರೂ ಮುಟ್ಟದೆ, ಸೂಜಿ ಚುಚ್ಚದೆ, ಎಮ್ಮೆಯ ಮೊಲೆಗಳಿಂದ ಹಾಲು ಮಣ್ಣಿಗೆ ತೊಟ್ಟಿಕ್ಕುತ್ತಿತ್ತು.

ಸಿದ್ದಪ್ಪಾಜಿ ಪರದೆಯನ್ನು ಅಧ್ಯಕ್ಷರಿಗೆ ತೋರಿಸಿದ. ಮಂಚಮ್ಮ, ಗೊರವನದೊಡ್ಡಿ, ಜೀವಂತ. ಅವರು ಓದಿ, ಹುಲ್ಲುಕರುವನ್ನು ನೋಡಿ, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. "ಕೆಂಚಪ್ಪ, ಹಗ್ಗ ಕೊಡು ಆಯಮ್ಮಂಗೆ" ಎಂದರು.

ಕೆಂಚಪ್ಪನ ಕೈಯಿಂದ ಹಗ್ಗ ಅಷ್ಟರಲ್ಲೇ ಜಾರಿತ್ತು. ಅವನು ಎಮ್ಮೆಯನ್ನು ನೋಡುತ್ತಿರಲಿಲ್ಲ. ಕರುವನ್ನು ನೋಡುತ್ತಿದ್ದ. ಆಮೇಲೆ ಅವನು ದನದ ವ್ಯಾಪಾರವನ್ನೇ ಬಿಟ್ಟು ಈರುಳ್ಳಿಗೆ ಇಳಿದನೆಂದು ಕೇಳಿದೆ.

ನನ್ನ ಕೇಡುಗಾಲ ಶುರುವಾದದ್ದು ಅಲ್ಲಿಂದ. ಮಾರನೆಯ ವಾರ ಬೇರೆ ಊರಿನಲ್ಲಿ ಒಂದು ಜರ್ಸಿ ಕರುವಿಗೆ ನನ್ನನ್ನು ಹಿಡಿದರು. ನೋಡಿದೆ. ಸೋಸಿದೆ. ಉಳಿದದ್ದು ಹುಣಸೆ ಎಲೆಯ ಗೆರೆ. ಮಂಚಮ್ಮನ ಕರು, ಜೀವಂತ ಎಂದೆ. ಇನ್ನೊಂದು ಎಮ್ಮೆಗೂ ಅದನ್ನೇ ಹೇಳಿದೆ. ಒದ್ದೆಯಾದ ಬಾವಿಗಟ್ಟೆಯ ಕಲ್ಲಿನಲ್ಲಿ ಅದೇ ಮೂತಿ ಕಂಡಿತು. ನೀರು ಹಾಕಿ ತೊಳೆದ ಮಾರಿಗುಡಿಯ ಹೊಸ್ತಿಲಲ್ಲಿ ಕಂಡಿತು. ಸಿದ್ದಪ್ಪಾಜಿ ಸಿಟ್ಟಿನಿಂದ ಬೆವರಿದ ತನ್ನ ಮೂಗಿಗೇ ನನ್ನನ್ನು ಹಿಡಿದುಕೊಂಡ. ಎಮ್ಮೆಗರು, ಹೆಣ್ಣು, ಜೀವಂತ. ಅವತ್ತು ರಾತ್ರಿ ಅವನು ಊಟ ಮಾಡಲಿಲ್ಲವಂತೆ.

ಯಂತ್ರ ಕೆಟ್ಟಿದೆ ಎಂದರು. ಕೆಟ್ಟಿರಲಿಲ್ಲ. ತೇವವಿದ್ದ ಕಡೆಯೆಲ್ಲ ನನಗೆ ಆ ಕರು ನಿಜವಾಗಿಯೂ ಕಾಣುತ್ತಿತ್ತು. ಈಗಲೂ ಹಾಗೆಯೇ ಹೇಳುತ್ತೇನೆ.

ಅಷ್ಟು ಹೊತ್ತಿಗೆ ಮೊಬೈಲಿನಲ್ಲೇ ಮೂತಿ ನೋಡುವ ಕಾಲ ಬಂದಿತ್ತು. ನನ್ನನ್ನು ಡೈರಿಯ ಮೂಲೆಯಲ್ಲಿ ಒಡೆದ ಕ್ಯಾನುಗಳ ಜೊತೆ ಎಸೆದರು. ಬ್ಯಾಟರಿ ಊದಿಕೊಂಡಿತು, ಅದನ್ನೂ ಕಿತ್ತರು. ಹಾಲು ಹಾಕಲು ಬಂದ ಮಂಚಮ್ಮ ಒಂದು ಬೆಳಿಗ್ಗೆ ನನ್ನನ್ನು ಕಂಡಳು.

"ಲೇ ಸಿದ್ದ, ಇದ್ನ ನಂಗೆ ಕೊಡು."

"ಅದ್ರಲ್ಲಿ ಏನೂ ಇಲ್ಲ ದೊಡ್ಡವ್ವ. ಸತ್ತೋಗದೆ."

"ನಮ್ಮನೇಲಿ ಆ ಮಾತು ಆಡಾಕಿಲ್ಲ" ಎಂದು ನನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಹುಲ್ಲುಕರು ಸೊರಗಿ ಹೋಗಿತ್ತು. ಇಲಿ ಹೊಟ್ಟೆ ತಿಂದಿತ್ತು, ಕಾಲು ಕಳಚಿತ್ತು, ಉಳಿದದ್ದು ತಲೆಯ ಚರ್ಮ ಮಾತ್ರ. ಅದರೊಳಗೆ ತುಂಬಲು ಅವಳಿಗೆ ಗಟ್ಟಿಯಾದದ್ದು ಏನೋ ಬೇಕಿತ್ತು. ನನ್ನನ್ನು ಅದರೊಳಗೆ ತೂರಿಸಿ ನೋಡಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತೆ. ನನ್ನ ಗಾಜು ಮೂತಿಯ ಹರಕಿನಿಂದ ಹೊರಗೆ ಬಂತು, ನೆತ್ತಿಯ ದೀಪಗಳು ಕಿವಿಗಳ ನಡುವೆ. ದಬ್ಬಣ ತಂದು ಹೊಲಿದಳು.

"ಬದುಕೆಲ್ಲಾ ಮೂತಿ ನೋಡ್ದೆ" ಎಂದಳು ದಾರ ಕಚ್ಚಿ ಹರಿಯುತ್ತ. "ಇನ್ನು ಮೂತಿಯಾಗಿ ಇರು."

ಆವತ್ತಿನಿಂದ ನಾನು ಕೊಟ್ಟಿಗೆಯ ಗೂಟದ ಮೇಲಿದ್ದೇನೆ. ನೇರಳೆಗೆ ಗಬ್ಬ ನಿಂತಿದೆಯೆಂದು ಸಿದ್ದಪ್ಪಾಜಿ ಹೇಳಿ ಹೋದ. ಹಾಲು ಬತ್ತುವ ತನಕ ಇನ್ನು ಸ್ವಲ್ಪ ದಿನ. ಆಮೇಲೆ ಕರು ಬರುತ್ತದೆ, ಮಂಚಮ್ಮನ ತವರು ಮುಂದುವರಿಯುತ್ತದೆ. ಆಗ ನನ್ನನ್ನು ಬಿಚ್ಚುತ್ತಾಳೋ, ಮುಂದೆ ಹುಲ್ಲು ಹಾಕುತ್ತಾಳೋ, ಅವಳಿಗೆ ಬಿಟ್ಟದ್ದು.

ನೇರಳೆಯ ಸುಟ್ಟ ಮೂತಿಯನ್ನು ನಾನು ಇಂದಿಗೂ ಗುರುತಿಸಲಾರೆ. ಅವಳು ಮಾತ್ರ ದಿನಾ ಎರಡು ಹೊತ್ತು ಬಾಗಿ ನನ್ನನ್ನು ಗುರುತಿಸುತ್ತಾಳೆ. ಕಿವಿಯ ಬುಡದಿಂದ ಶುರುವಾಗಿ ನಾಲಿಗೆ ಗಾಜಿನವರೆಗೆ ಬರುತ್ತದೆ. ಲೋಕವೆಲ್ಲ ಒದ್ದೆಯಾಗಿ ಹೊಳೆಯುತ್ತದೆ. ಬಿಂದಿಗೆ ಹಿಡಿದು ಕೂತ ಮಂಚಮ್ಮ ಮೊದಲು ನನ್ನ ಕಿವಿಗಳ ನಡುವೆ ಒಂದು ಸಲ ನೋಡುತ್ತಾಳೆ. ಏನು ಕಾಣುತ್ತದೋ ಗೊತ್ತಿಲ್ಲ. ನೋಡಿದ ಮೇಲೆಯೇ ಕರೆಯಲು ಕೈ ಹಾಕುತ್ತಾಳೆ.

ನನ್ನೊಳಗೆ ಬ್ಯಾಟರಿಯಿಲ್ಲ. ಆದರೆ ಮೂತಿ ಒದ್ದೆಯಾಗಿದೆ. ನನಗೆ ಕಲಿಸಿದ್ದು ಅಷ್ಟೇ.